ಹದಿನಾಲ್ಕನೇ ಕಂಬದ ಮಾತು

ಇಟಲಿಯ ಫೊಸ್ಸಾಲ್ಬಾದ ಜನ ತಮ್ಮೂರಿನ ಹಾಳುಪಟ್ಟಣವನ್ನು ‘ಕಲ್ಲು’ ಎಂದಷ್ಟೇ ಕರೆಯುತ್ತಾರೆ. ರೋಮನ್ನರ ಕಾಲದ ಬೀದಿ, ಸ್ನಾನದ ಮನೆ, ನಾಟಕ ನೋಡುವ ಮೆಟ್ಟಿಲು, ಎಲ್ಲ ಸೇರಿ ಕಲ್ಲು. ಬಸ್ಸು ನಿಲ್ಲುವುದು ಕಲ್ಲಿನ ಹತ್ತಿರ, ಕಹಿಸೊಪ್ಪು ಕೀಳುವುದು ಕಲ್ಲಿನ ಹಿಂದೆ, ಹುಡುಗ ಹುಡುಗಿಯರು ಕದ್ದು ಸೇರುವುದು ಕಲ್ಲಿನ ಮರೆಯಲ್ಲಿ. ಒಳಗೆ ಹೋಗಿ ಬಾಯಿ ಬಿಟ್ಟುಕೊಂಡು ನೋಡುವುದು ಪರದೇಶದವರ ಕೆಲಸ. ಆದರೆ ಮೇ ತಿಂಗಳ ಮೊದಲ ಭಾನುವಾರ, ಟಿಕೆಟ್ಟಿಲ್ಲದ ದಿನ, ಬೆಳಿಗ್ಗೆ ಒಂಬತ್ತಕ್ಕೇ ಊರಿಗೆ ಊರೇ ಬಾಗಿಲಲ್ಲಿ ಸಾಲುಗಟ್ಟಿತ್ತು. ಹೊಸದಾಗಿ ಆಡಿಯೊ ಗೈಡ್ ಬಂದಿತ್ತು. ಕೊರಳಿಗೊಂದು ಪುಟ್ಟ ಪೆಟ್ಟಿಗೆ, ಕಿವಿಗೆ ಹೆಡ್‌ಫೋನ್, ಕಲ್ಲಿನ ನಡುವೆ ಅಲ್ಲಲ್ಲಿ ನೆಟ್ಟ ಇಪ್ಪತ್ತೆರಡು ಕಂಬ. ಕಂಬದ ಸಂಖ್ಯೆ ಒತ್ತಿದರೆ ಆ ಜಾಗದ ಕಥೆ ಕಿವಿಯಲ್ಲಿ ಬರುತ್ತದೆ. ಊರಿನ ಏಳು ಮಂದಿ ವಯಸ್ಸಾದವರ ದನಿಯನ್ನೂ ಅದರಲ್ಲಿ ಸೇರಿಸಿದ್ದಾರೆಂದು ಸುದ್ದಿಯಾಗಿತ್ತು.

ಆ ಏಳರಲ್ಲಿ ಎರ್ಸಿಲಿಯಾ ಒಬ್ಬಳು. ಎಪ್ಪತ್ತೆರಡು ವರ್ಷದ ಹೆಂಗಸು. ಅಂದು ಚರ್ಚಿಗೆ ತೊಡುವ ನೀಲಿ ಉಡುಪು ತೊಟ್ಟು, ಅಮ್ಮನ ಹವಳದ ಓಲೆ ಇಟ್ಟುಕೊಂಡು ಬಂದಿದ್ದಳು. ಹೆಡ್‌ಫೋನ್ ಹಾಕಿಕೊಂಡರೆ ಓಲೆ ಕಿವಿಗೆ ಒತ್ತುತ್ತಿತ್ತು.

“ಬಿಚ್ಚಿಡೇ ಅದನ್ನ. ಕಲ್ಲು ನೋಡೋಕೆ ಬಂದಿದೀಯೋ, ಮದುವೆಗೆ ಬಂದಿದೀಯೋ?” ಎಂದಳು ಡೆಲ್ಫೀನಾ. ಡೆಲ್ಫೀನಾ ಅಣ್ಣನ ಹೆಂಡತಿ. ಅಣ್ಣ ರೇಮೊ ತೀರಿಕೊಂಡು ಒಂಬತ್ತು ವರ್ಷವಾದರೂ ಅತ್ತಿಗೆ ನಾದಿನಿಯರು ಬಿಟ್ಟಿರುವವರಲ್ಲ.

“ಇರ್ಲಿ ಬಿಡು ಅತ್ತಿಗೆ. ಇವತ್ತೊಂದು ದಿನ.”

“ಒತ್ತಿ ಒತ್ತಿ ಕಿವಿ ಹರಿದ್ರೆ ನಂಗೆ ಗೊತ್ತಿಲ್ಲ.”

ಇವತ್ತೊಂದು ದಿನ ಎಂದರೆ ಏನೆಂದು ಡೆಲ್ಫೀನಾಳಿಗೆ ಗೊತ್ತಿತ್ತು. ಹದಿನಾಲ್ಕನೇ ಕಂಬದಲ್ಲಿ ಎರ್ಸಿಲಿಯಾಳ ಅಪ್ಪನ ಮಾತು ಬರುವುದಿತ್ತು. ಅರವತ್ತಾರು ವರ್ಷದಿಂದ ಆ ಮನೆತನಕ್ಕೆ ಮೆತ್ತಿಕೊಂಡಿದ್ದ ಮಸಿ ಇವತ್ತು ಊರಿನೆದುರು ತೊಳೆದುಹೋಗುವುದಿತ್ತು.

ಅಪ್ಪ ಕ್ವಿರೀನೊ ಇದೇ ಕಲ್ಲಿನಲ್ಲಿ ಅಗೆಯುವ ಆಳಾಗಿದ್ದ. ಐವತ್ತೆಂಟನೇ ಇಸವಿಯ ಮಾರ್ಚಿನಲ್ಲಿ ಅವನು ಅಗೆಯುತ್ತಿದ್ದ ಗುಂಡಿಯಲ್ಲಿ ಒಂದು ಹುಡುಗಿಯ ತಲೆ ಸಿಕ್ಕಿತು. ಅಮೃತಶಿಲೆಯದು, ಎರಡು ಮುಷ್ಟಿ ಗಾತ್ರ, ತಲೆಯ ಸುತ್ತ ಜಡೆ ಸುತ್ತಿತ್ತು, ಮೂಗು ಕೂಡ ಮುಕ್ಕಾಗಿರಲಿಲ್ಲ. ಹನ್ನೊಂದು ದಿನ ಆ ತಲೆ ಎರ್ಸಿಲಿಯಾಳ ಮನೆಯಲ್ಲಿತ್ತು. ಹನ್ನೆರಡನೇ ದಿನ ಪೊಲೀಸರು ಬಂದು, ಹಿಟ್ಟು ನಾದುವ ಮರದ ಪೆಟ್ಟಿಗೆ ತೆರೆದು, ಅಮ್ಮ ಮುಚ್ಚಿದ್ದ ಬಟ್ಟೆ ಸರಿಸಿ ಅದನ್ನು ಎತ್ತಿಕೊಂಡು ಹೋದರು. ಅಪ್ಪನ ಕೆಲಸ ಹೋಯಿತು. ಆಮೇಲೆ ಸಾಯುವ ತನಕ ರಸ್ತೆಗೆ ಜಲ್ಲಿ ಒಡೆದ.

ಊರು ಅವರಿಗೆ ಹೆಸರಿಟ್ಟಿತು. ಮನೆಮನೆಗೂ ಒಂದೊಂದು ಅಡ್ಡಹೆಸರು ಇರುವ ಊರು ಅದು. ಒಂದು ಮನೆ ಕುಂಟರದು, ಒಂದು ಮನೆ ಕೋಳಿಯವರದು. ಇವರು ‘ತಲೆಯವರು’ ಆದರು. ಶಾಲೆಯಲ್ಲಿ ಯಾರದಾದರೂ ಪೆನ್ಸಿಲ್ಲು ಕಾಣೆಯಾದರೆ ಮೊದಲು ತಡಕುವುದು ತಲೆಯವರ ಹುಡುಗಿಯ ಚೀಲ. ಮದುವೆಯಾಗಿ ಹೋದ ಮನೆಯಲ್ಲಿ ನೆಂಟರು ಬಂದು ಹೋದಾಗಲೆಲ್ಲ ಅತ್ತೆ ಅವಳೆದುರೇ ಬೆಳ್ಳಿ ಚಮಚ ಎಣಿಸುತ್ತಿದ್ದಳು.

ಆದರೆ ಕ್ವಿರೀನೊ ಕದ್ದಿರಲಿಲ್ಲ. ಉತ್ಖನನದ ಯಜಮಾನ, ಪ್ರೊಫೆಸರ್ ಒರ್ಸೆನಿಗೊ, ತಾನೇ ಅದನ್ನು ಮನೆಗೆ ಒಯ್ಯಲು ಹೇಳಿದ್ದ. ರೋಮಿನಿಂದ ದೊಡ್ಡವರು ತಪಾಸಣೆಗೆ ಬರುತ್ತಾರೆ, ಕಂಡ ಒಳ್ಳೆಯದನ್ನೆಲ್ಲ ರಾಜಧಾನಿಗೆ ಹೊತ್ತೊಯ್ಯುತ್ತಾರೆ, ಅವರು ಹೋಗುವ ತನಕ ನಿನ್ನ ಮನೆಯಲ್ಲಿರಲಿ ಎಂದಿದ್ದ. ಯಾರೋ ಪೊಲೀಸರಿಗೆ ಸುಳಿವು ಕೊಟ್ಟರು. ಪ್ರೊಫೆಸರ್ ನನಗೇನೂ ಗೊತ್ತಿಲ್ಲ ಎಂದುಬಿಟ್ಟ. ಕ್ವಿರೀನೊ ಬಾಯಿ ಬಿಡುವಂತಿರಲಿಲ್ಲ. ಅವನ ಇಬ್ಬರು ತಮ್ಮಂದಿರು ಅದೇ ಗುಂಡಿಯಲ್ಲಿ ಕೂಲಿ ಮಾಡುತ್ತಿದ್ದರು. ಒಬ್ಬನ ಅನ್ನ ಹೋದರೆ ಸಾಕು, ಮೂರು ಮನೆಯದೂ ಹೋಗುವುದು ಬೇಡ ಎಂದು ನುಂಗಿಕೊಂಡ. ಪ್ರೊಫೆಸರನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಅಮ್ಮ ಮಕ್ಕಳಿಂದ ಆಣೆ ಮಾಡಿಸಿಕೊಂಡಳು.

ಕಳೆದ ಚಳಿಗಾಲದಲ್ಲಿ ವಸ್ತುಸಂಗ್ರಹಾಲಯ ನೋಡಿಕೊಳ್ಳುವ, ಓದಿದವಳೆಂದು ಊರು ದೊತ್ತೊರೆಸ್ಸಾ ಎಂದೇ ಕರೆಯುವ ಲುದೊವೀಕಾ ತ್ರಸಾಟ್ಟಿ ಮನೆಗೇ ಬಂದಿದ್ದಳು. ಊರಿನ ಹಳಬರ ನೆನಪು ಬೇಕು, ನಿಮ್ಮ ತಂದೆಯವರ ವಿಷಯ ನೀವೇ ಹೇಳಬೇಕು ಎಂದು ಕೈ ಹಿಡಿದುಕೊಂಡಳು. ಒಂದು ವಾರದ ಮೇಲೆ ದನಿ ಹಿಡಿಯುವ ಯಂತ್ರ ಹೊತ್ತು ದೇಶದ ಉತ್ತರದ ಕಡೆಯ ಯುವಕನೊಬ್ಬ ಬಂದ. ಎರ್ಸಿಲಿಯಾ ಅಡುಗೆಮನೆಯ ಮೇಜಿನ ಮುಂದೆ ಕೂತು, ಮೂರು ಸಲ ಕಾಫಿ ಕಾಸಿ ಕೊಟ್ಟು, ಎರಡು ಗಂಟೆ ಹೊತ್ತು ಒಂದನ್ನೂ ಬಿಡದೆ ಹೇಳಿದ್ದಳು. ಅಪ್ಪ, ಅಮ್ಮ, ಅಣ್ಣ ಎಲ್ಲರೂ ಹೋದ ಮೇಲೆ ಯಾರ ಆಣೆ ಯಾರನ್ನು ಹಿಡಿದಿಡಬೇಕು?

“ನೇರ ಹದಿನಾಲ್ಕಕ್ಕೇ ಹೋಗೋಣ ನಡಿ. ಸ್ನಾನದ ಮನೆ ಕಟ್ಕೊಂಡು ನನಗೇನಾಗ್ಬೇಕು?” ಎಂದಳು ಡೆಲ್ಫೀನಾ.

“ಒಂದರಿಂದ ಹೋಗೋಣ. ಎಲ್ಲಾರೂ ಹಾಗೇ ಹೋಗ್ತಿದಾರೆ. ನಾವು ಓಡಿದ್ರೆ ಚೆನ್ನಾಗಿರಲ್ಲ.”

“ಅರವತ್ತು ವರ್ಷ ಕಾದವಳಿಗೆ ಇನ್ನೊಂದು ಗಂಟೆ ಏನು, ಅಲ್ವಾ?”

ಹೀಗೆ ಒಂದು, ಎರಡು, ಮೂರು ಎಂದು ನಡೆದರು. ಕಿವಿ ಮುಚ್ಚಿದ ಮೇಲೆ ಪರಿಚಿತ ಜಾಗವೂ ಬೇರೆಯಾಗಿ ಕಂಡಿತು. ಊರಿನ ಜನವೆಲ್ಲ ಪಕ್ಕಪಕ್ಕದಲ್ಲಿದ್ದೂ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಕಲ್ಲಿನ ಮೇಲೆ ಕಲ್ಲಿನ ಹಾಗೆ ನಿಂತಿದ್ದರು. ಡೆಲ್ಫೀನಾ ಮಾತ್ರ ಪ್ರತಿ ಕಂಬದಲ್ಲೂ ಎರ್ಸಿಲಿಯಾಳ ಹೆಡ್‌ಫೋನ್ ಅರ್ಧ ಎತ್ತಿ ಏನಾದರೂ ಅನ್ನುತ್ತಿದ್ದಳು. ಒಂಬತ್ತನೇ ಕಂಬದಲ್ಲಿ ರೋಮನ್ನರ ಮಡಿವಾಳರ ಅಂಗಡಿ. ಬಟ್ಟೆ ಬೆಳ್ಳಗಾಗಲು ದಾರಿಹೋಕರ ಮೂತ್ರವನ್ನು ಮಡಕೆಯಲ್ಲಿ ಹಿಡಿದಿಟ್ಟು ಅದರಲ್ಲಿ ನೆನೆಸುತ್ತಿದ್ದರೆಂದು ಕಿವಿಯಲ್ಲಿದ್ದ ಗಂಡಸು ಬಹಳ ಗಂಭೀರವಾಗಿ ಹೇಳಿದ.

“ಕೇಳಿದ್ಯಾ? ನಮ್ಮ ರೇಮೊ ಇದ್ದಿದ್ರೆ ಈ ಅಂಗಡೀಲಿ ಮೇಸ್ತ್ರಿ ಆಗ್ತಿದ್ದ. ರಾತ್ರಿಗೆ ನಾಲ್ಕು ಸಲ ಏಳ್ತಿದ್ದ.”

ಎರ್ಸಿಲಿಯಾ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಕೊನೆ.

ಹನ್ನೊಂದನೇ ಕಂಬದ ಬಳಿ ಕಸಾಯಿ ಅಂಗಡಿಯ ಓರ್ನೆಲ್ಲಾ ಎದುರಾದಳು. ಬೆಳಿಗ್ಗೆಯೇ ಬಂದು ಮುಗಿಸಿ ಹಿಂದಿರುಗುತ್ತಿದ್ದಳು. ಅವಳು ಹೆಡ್‌ಫೋನನ್ನು ಕೊರಳಿಗೆ ಇಳಿಸಿ, ಎರ್ಸಿಲಿಯಾಳ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು.

“ಎರ್ಸಿಲಿಯಾ, ನೀನು ದೊಡ್ಡ ಮನಸ್ಸಿನವಳಮ್ಮ. ನಾನಾಗಿದ್ರೆ ಹೇಳೋಕಾಗ್ತಿರ್ಲಿಲ್ಲ.”

“ಹೇಳ್ಬೇಕಾಗಿತ್ತು. ಹೇಳಿದೆ,” ಎಂದಳು ಎರ್ಸಿಲಿಯಾ.

“ಹೌದು, ಹೌದು. ಹೇಳ್ಬಿಟ್ರೆ ಎದೆ ಹಗುರ. ನಮ್ಮಪ್ಪನೂ ನಿಮ್ಮಪ್ಪನ್ನ ಬಾಳಾ ಆಡ್ಕೊಂಡಿದ್ದ. ಇವತ್ತು ಇದ್ದಿದ್ರೆ ಹಾಗೆ ಅನ್ತಿರ್ಲಿಲ್ಲ.”

ಓರ್ನೆಲ್ಲಾ ಹೋದ ಮೇಲೆ ಎರ್ಸಿಲಿಯಾ ಸ್ವಲ್ಪ ಹೊತ್ತು ಅಲ್ಲೇ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡಳು. ಆಮೇಲೆ ಕ್ಷೌರಿಕ ಎಲ್ವೀಡಿಯೊ ಬಂದ. ಅಡ್ಡಹೆಸರಿಲ್ಲದೆ ಅವಳನ್ನು ಎಂದೂ ಮಾತಾಡಿಸದವನು ಅವತ್ತು ಟೋಪಿ ತೆಗೆದು “ಸಿಗ್ನೋರಾ ಎರ್ಸಿಲಿಯಾ” ಎಂದು ತಲೆಬಾಗಿ ಹೋದ. ಎರ್ಸಿಲಿಯಾ ಅತ್ತಿಗೆಯ ಮುಖ ನೋಡಿದಳು. ನೋಡಿದೆಯಾ ಎಂಬ ಹಾಗೆ. ಓರ್ನೆಲ್ಲಾಳ ಕಣ್ಣೀರು ಡೆಲ್ಫೀನಾಳಿಗೆ ಯಾಕೋ ಹಿಡಿಸಿರಲಿಲ್ಲ.

ಹದಿನಾಲ್ಕನೇ ಕಂಬ ಒಂದು ಸಣ್ಣ ಮನೆಯ ಅಂಗಳದಲ್ಲಿತ್ತು. ನಾಲ್ಕು ಗೋಡೆಯ ಬುಡ, ನಡುವೆ ಮಳೆನೀರಿನ ತೊಟ್ಟಿ. ಐದಾರು ಜನ ಆಗಲೇ ನಿಂತಿದ್ದರು. ಎರ್ಸಿಲಿಯಾಳನ್ನು ಕಂಡು ಸರಿದು ಜಾಗ ಬಿಟ್ಟರು. ಅವಳು ಒಂದು, ನಾಲ್ಕು ಒತ್ತಿದಳು.

“ಇದು ಜಡೆಯ ಹುಡುಗಿಯ ಮನೆ,” ಎಂದ ಕಿವಿಯ ಗಂಡಸು. “ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಪ್ರೊಫೆಸರ್ ಒರ್ಸೆನಿಗೊ ಅವರು ಇಲ್ಲಿ ಬೆಳಕಿಗೆ ತಂದ ಅಮೃತಶಿಲೆಯ ತಲೆ ಇಂದು ಅವರ ಹೆಸರಿನ ವಸ್ತುಸಂಗ್ರಹಾಲಯದ ಹೆಮ್ಮೆಯಾಗಿದೆ. ಆದರೆ ಆ ತಲೆಯನ್ನು ನಾವು ಕಳೆದುಕೊಂಡೇಬಿಡುತ್ತಿದ್ದೆವು. ಕೇಳಿ.”

ಆಮೇಲೆ ಅವಳದೇ ದನಿ ಬಂತು. ತನ್ನ ದನಿ ಹೊರಗಿನಿಂದ ಇಷ್ಟು ಒರಟು ಎಂದು ಅವಳಿಗೆ ಗೊತ್ತಿರಲಿಲ್ಲ.

“ಅಪ್ಪ ಅದನ್ನ ಕೋಟಿನೊಳಗೆ ಸುತ್ಕೊಂಡು ಮನೆಗೆ ತಂದ. ಯಾರಿಗೂ ಹೇಳ್ಬೇಡಿ ಅಂದ. ಅಮ್ಮ ಹಿಟ್ಟಿನ ಪೆಟ್ಟಿಗೇಲಿಟ್ಟು ಬಟ್ಟೆ ಮುಚ್ಚಿದ್ಲು. ಹನ್ನೊಂದು ದಿವಸ ನಮ್ಮನೇಲಿತ್ತು. ನಾನು ದಿನಾ ಬಟ್ಟೆ ಸರಿಸಿ ನೋಡ್ತಿದ್ದೆ. ಅವಳ ಮೂಗಿನ ಮೇಲೆ ಹಿಟ್ಟಿರ್ತಿತ್ತು.”

ಮತ್ತೆ ಗಂಡಸು. “ಯುದ್ಧ ಮುಗಿದ ಕಾಲದ ಕಡುಬಡತನದಲ್ಲಿ ಇಂಥ ಆಸೆಗೆ ಬಿದ್ದ ಕೆಲಸಗಾರರು ಒಬ್ಬಿಬ್ಬರಲ್ಲ. ಪ್ರೊಫೆಸರರ ಎಚ್ಚರದಿಂದ ತಲೆ ಹಿಂದಿರುಗಿತು. ಅವರು ದೂರು ಕೊಡದೆ ಆ ಬಡವನನ್ನು ಕ್ಷಮಿಸಿದರು. ಇಷ್ಟು ವರ್ಷಗಳ ನಂತರ ಸತ್ಯವನ್ನು ಒಪ್ಪಿಕೊಂಡ ಮಗಳ ಧೈರ್ಯಕ್ಕೆ ನಾವು ಋಣಿಗಳು. ಹದಿನೈದನೇ ಕಂಬಕ್ಕೆ ದಯವಿಟ್ಟು ಎಡಕ್ಕೆ ತಿರುಗಿ.”

ಎರ್ಸಿಲಿಯಾ ಎಡಕ್ಕೆ ತಿರುಗಲಿಲ್ಲ. ಮತ್ತೊಂದು ಸಲ ಒಂದು, ನಾಲ್ಕು ಒತ್ತಿದಳು. ಎಲ್ಲೋ ಮುಂದೆ ಉಳಿದದ್ದು ಬರುತ್ತದೆ ಎಂದು ಕೊನೆಯ ತನಕ ಕೇಳಿದಳು. ಮೂರನೇ ಸಲ ಒತ್ತುವ ಹೊತ್ತಿಗೆ ಡೆಲ್ಫೀನಾ ತನ್ನ ಹೆಡ್‌ಫೋನ್ ಕಿತ್ತು ಹಿಡಿದಿದ್ದಳು.

“ಎರ್ಸೀ, ಇದೇನೇ? ನೀನು ಹೇಳಿದ್ದು ಇದೇನಾ?”

“ಹೇಳಿದ್ದು ಪೂರ್ತಿ ಇಲ್ಲ.”

“ಇರೋದು ಸಾಕಲ್ಲ.”

ಸುತ್ತ ನಿಂತವರು ಗೋಡೆಯ ಕಡೆ, ತೊಟ್ಟಿಯ ಕಡೆ ನೋಡುತ್ತಿದ್ದರು. ಔಷಧಿ ಅಂಗಡಿಯವನ ಹೆಂಡತಿ ಹತ್ತಿರ ಬಂದು ತೋಳು ಸವರಿ, “ಆಗಿನ ಕಾಲ ಹಾಗಿತ್ತು, ಯಾರ ಮನೇಲಿ ಹಸಿವಿರ್ಲಿಲ್ಲ ಹೇಳಿ,” ಎಂದಳು. ಅರವತ್ತಾರು ವರ್ಷ ಆಡಿಕೊಂಡ ಊರು ಅವತ್ತು ಕ್ಷಮಿಸಿತ್ತು. ಆಡಿಕೊಂಡದ್ದನ್ನು ಎರ್ಸಿಲಿಯಾ ತಾಳಿಕೊಂಡಿದ್ದಳು, ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಈ ಕ್ಷಮೆಯನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ.

ಡೆಲ್ಫೀನಾ ಬುತ್ತಿಗೆ ತಂದಿದ್ದ ಬ್ರೆಡ್ಡು, ಮೊಟ್ಟೆ ಹಾಗೇ ಮನೆಗೆ ವಾಪಸು ಹೋಯಿತು.

ಸೋಮವಾರ ವಸ್ತುಸಂಗ್ರಹಾಲಯಕ್ಕೆ ರಜ. ಮಂಗಳವಾರ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ದೊತ್ತೊರೆಸ್ಸಾ ಬಂದವಳು ನಗುತ್ತ ಎರಡೂ ಕೆನ್ನೆಗೆ ಮುತ್ತಿಡಲು ಬಗ್ಗಿದಳು. ಎರ್ಸಿಲಿಯಾ ಮುಖ ಸರಿಸಲಿಲ್ಲ, ಕೊಡಲೂ ಇಲ್ಲ. ಚಳಿಗಾಲದಲ್ಲಿ ಇದೇ ದೊತ್ತೊರೆಸ್ಸಾಳನ್ನು ಅವಳು ‘ಮಗಳೇ’ ಎಂದು ಕರೆದಿದ್ದಳು.

“ದೊತ್ತೊರೆಸ್ಸಾ, ನನ್ನ ಮಾತನ್ನ ಕತ್ತರಿಸಿದೀರಿ.”

“ಎರಡು ಗಂಟೆ ಮಾತು ಸಿಗ್ನೋರಾ. ಒಂದು ಕಂಬಕ್ಕೆ ಎರಡು ನಿಮಿಷ. ಕತ್ತರಿಸ್ಲೇಬೇಕಲ್ವಾ?”

“ಅಪ್ಪನಿಗೆ ಯಾರು ತಗೊಂಡ್ಹೋಗು ಅಂದ್ರೋ ಅದನ್ನೇ ಕತ್ತರಿಸಿದೀರಿ.”

ದೊತ್ತೊರೆಸ್ಸಾಳ ಮುಖದಲ್ಲಿದ್ದದ್ದು ಕಪಟವಲ್ಲ, ನಿಜವಾದ ಬೆರಗು. “ಯಾರಂದ್ರು? ಅಂಥದ್ದೇನೂ ಅದರಲ್ಲಿಲ್ಲ. ನಾನೇ ಪೂರ್ತಿ ಕೇಳಿದೀನಿ.”

“ಇದೆ.”

“ಸರಿ, ಬನ್ನಿ. ಒಟ್ಟಿಗೇ ಕೇಳೋಣ.”

ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಮೂರು ಕುರ್ಚಿ ಹಾಕಿದಳು. ಗೋಡೆಯ ಮೇಲೆ ಪ್ರೊಫೆಸರ್ ಒರ್ಸೆನಿಗೊನ ದೊಡ್ಡ ಫೋಟೊ ಇತ್ತು. ಎರ್ಸಿಲಿಯಾ ಅದಕ್ಕೆ ಬೆನ್ನು ಹಾಕಿ ಕೂತಳು. ದನಿ ಶುರುವಾಯಿತು. ಅಮ್ಮನ ಊರು, ಅಪ್ಪನ ಬೂಟು, ಗುಂಡಿಯ ಕೆಸರು, ಕಾಫಿ ಉಕ್ಕುವ ಸದ್ದು. ನಡುನಡುವೆ ಡೆಲ್ಫೀನಾ, “ನಾಯಿ ಸತ್ತ ಕಥೆ ಇವನಿಗ್ಯಾಕೆ ಹೇಳ್ದೆ?” ಎಂದು ಗೊಣಗಿದಳು. ಮುಕ್ಕಾಲು ಗಂಟೆ ಕಳೆದ ಮೇಲೆ ಆ ಮಾತು ಬಂತು.

“ನಮ್ಮಪ್ಪನಿಗೇನು, ಅದನ್ನ ಇಟ್ಕೊಂಡು ಏನ್ ಮಾಡ್ಬೇಕಿತ್ತು? ಬಚ್ಚಿಡು ಅಂತ ಅವನಿಗೆ ಹೇಳಿದ್ದು…”

ಅಲ್ಲಿಂದ ಮುಂದೆ ಏನೂ ಇಲ್ಲ. ಸದ್ದಿಲ್ಲ. ಬಸಿ ಮೇಲೆ ಕಪ್ಪು ಇಟ್ಟ ಒಂದು ಟಣ್. ದೂರದಲ್ಲೆಲ್ಲೋ ಸ್ಕೂಟರು.

“…ಗೊತ್ತಾಯ್ತಲ್ಲ?” ಎಂದಿತು ಅವಳ ದನಿ.

“ಹೂಂ, ಹೂಂ,” ಎಂದ ಉತ್ತರದ ಯುವಕ.

“ಹಾಗಾಗಿ ಅಪ್ಪ ಸುಮ್ಮನಿದ್ದ. ಏನ್ ಮಾಡೋದು, ತಮ್ಮಂದಿರಿದ್ರು.”

ದೊತ್ತೊರೆಸ್ಸಾ ನಿಲ್ಲಿಸಿದಳು. “ನೋಡಿ, ಇಲ್ಲಿ ನಿಮಗೆ ದುಃಖ ಉಕ್ಕಿ ಮಾತು ನಿಂತಿದೆ ಅಂದ್ಕೊಂಡ್ವಿ. ತಮ್ಮಂದಿರು ಹೇಳಿರ್ಬೇಕು, ಅವರನ್ನ ಉಳಿಸೋಕೆ ಇವರು ಸುಮ್ಮನಿದ್ರು ಅಂತ ನಮಗೆ ಅರ್ಥ ಆಯ್ತು. ಅದನ್ನ ಹಾಕಿದ್ರೆ ಇನ್ನೂ ಇಬ್ಬರ ಹೆಸರು ಕೆಡುತ್ತೆ ಅಂತ ಬಿಟ್ವಿ. ನಿಮ್ಮ ಒಳ್ಳೇದಕ್ಕೇ ಬಿಟ್ಟಿದ್ದು ಸಿಗ್ನೋರಾ.”

ಎರ್ಸಿಲಿಯಾ ತನ್ನ ಬಲಗೈಯನ್ನು ನೋಡಿಕೊಂಡಳು. ಆ ಹೊತ್ತಿನಲ್ಲಿ ಅದು ಏನು ಮಾಡಿತ್ತೆಂದು ಈಗ ಹೊಳೆದಿತ್ತು. ಹೆಬ್ಬೆರಳೂ ತೋರುಬೆರಳೂ ಸೇರಿಸಿ ಉಂಗುರ ಮಾಡಿ ಬಲಗಣ್ಣಿಗೆ ಹಿಡಿದಿತ್ತು.

ಅದು ಗುಂಡಿಯಲ್ಲಿ ಹುಟ್ಟಿದ ಸನ್ನೆ. ಪ್ರೊಫೆಸರ್ ಒರ್ಸೆನಿಗೊ ಸದಾ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು, ಸದ್ದಿಲ್ಲದೆ ಅಗೆಯುವವರ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಮಾತಾಡುತ್ತ ಸಿಕ್ಕಿಬಿದ್ದವನಿಗೆ ಆ ದಿನದ ಅರ್ಧ ಕೂಲಿ ಇಲ್ಲ. ಹಾಗಾಗಿ ಮೇಲಿದ್ದವನು ಅವನನ್ನು ಕಂಡ ಕೂಡಲೇ ಕಣ್ಣಿಗೆ ಉಂಗುರ ಹಿಡಿಯುತ್ತಿದ್ದ, ಅದನ್ನು ಕಂಡವನು ಕೆಳಗಿನವನಿಗೆ, ಅವನು ಇನ್ನೂ ಕೆಳಗಿನವನಿಗೆ. ಗುಂಡಿಯ ಉದ್ದಕ್ಕೂ ಆ ಉಂಗುರ ದಾಟುವ ಹೊತ್ತಿಗೆ ನಲವತ್ತು ಜನ ತಲೆ ಬಗ್ಗಿಸಿ ಅಗೆಯುತ್ತಿರುತ್ತಿದ್ದರು. ಕೆಲಸಗಾರರ ಮನೆಗಳಲ್ಲಿ ಹೆಂಡಿರು ಮಕ್ಕಳ ನಡುವೆಯೂ ಅವನಿಗಿದ್ದ ಹೆಸರು ಅದೇ. ತಲೆಯವರ ಮನೆಯಲ್ಲಂತೂ ಹೆಸರು ಎತ್ತುವಂತಿರಲಿಲ್ಲ, ಉಂಗುರವೇ ಹೆಸರಾಗಿ ಉಳಿದುಬಿಟ್ಟಿತ್ತು. ಎರ್ಸಿಲಿಯಾಳಿಗೆ ತಾನು ಅದನ್ನು ಕೈಯಲ್ಲಿ ಹೇಳಿದೆನೆಂಬುದೇ ತೋಚಿರಲಿಲ್ಲ. ಬಾಯಲ್ಲಿ ಹೇಳಿದೆ ಎಂದೇ ಐದು ತಿಂಗಳು ನಂಬಿದ್ದಳು.

“ಕೈ ಮಾಡಿದ್ಯಾ?” ಎಂದಳು ಡೆಲ್ಫೀನಾ, ಮೆಲ್ಲಗೆ.

“ಮಾಡ್ದೆ.”

“ಆ ಉತ್ತರದವನ ಮುಂದೆ?”

“ಗೊತ್ತಾಯ್ತಾ ಅಂತ ಕೇಳಿದೆನಲ್ಲ ಅತ್ತಿಗೆ. ಹೂಂ ಅಂದ.”

“ಅವನು ಕಾಫಿಗೂ ಹೂಂ ಅಂದಿದ್ದ, ನಾಯಿ ಸತ್ತಿದ್ದಕ್ಕೂ ಹೂಂ ಅಂದಿದ್ದ. ಅಯ್ಯೋ ನನ್ನ ಎರ್ಸೀ, ನಿನ್ನ ಕೈ ಎರಡೂ ಕಟ್ಟಿ ಕೂರಿಸ್ಬೇಕಾಗಿತ್ತು ಕಣೆ.”

ದೊತ್ತೊರೆಸ್ಸಾಳಿಗೆ ವಿವರಿಸಿದ್ದು ಡೆಲ್ಫೀನಾಳೇ. ಕೇಳುತ್ತ ಕೇಳುತ್ತ ಅವಳ ಬಣ್ಣ ಇಳಿಯಿತು. ಕೆಟ್ಟ ಹುಡುಗಿಯಲ್ಲ. ಎದ್ದು ಬಾಗಿಲು ಮುಚ್ಚಿ ಬಂದು, ಪುಟ್ಟ ಯಂತ್ರವೊಂದನ್ನು ಮೇಜಿನ ಮೇಲಿಟ್ಟಳು. “ಈಗ ಹೇಳಿ ಸಿಗ್ನೋರಾ. ಬಾಯಲ್ಲಿ ಹೇಳಿ. ಹೆಸರು ಹಿಡಿದು.”

ಎರ್ಸಿಲಿಯಾ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಅಷ್ಟು ವರ್ಷ ಆಡದ ಹೆಸರು ನಾಲಿಗೆಗೆ ಬರಲು ಹೊತ್ತು ಹಿಡಿಯಿತು.

“ಪ್ರೊಫೆಸರ್ ಒರ್ಸೆನಿಗೊ. ಅವನೇ ನಮ್ಮಪ್ಪನಿಗೆ ಅದನ್ನ ಕೊಟ್ಟು ಮನೆಗೆ ತಗೊಂಡ್ಹೋಗು ಅಂದ. ಆಮೇಲೆ ಗೊತ್ತಿಲ್ಲ ಅಂದ.”

ಹೇಳಿ ಮುಗಿದ ಮೇಲೆ ಕೋಣೆಯಲ್ಲಿ ಏನೂ ಆಗಲಿಲ್ಲ. ದೊತ್ತೊರೆಸ್ಸಾ ಯಂತ್ರ ಆರಿಸಿ, ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

“ಇದನ್ನ ನಾನೊಬ್ಬಳೇ ಹಾಕೋಕಾಗಲ್ಲ. ಸಮಿತಿ ಇದೆ. ಅದರ ಅಧ್ಯಕ್ಷರು ಪ್ರೊಫೆಸರರ ಶಿಷ್ಯರು, ಅವರ ಕೈಲೇ ಓದಿದವರು. ಕಾಗದಪತ್ರ ಏನಾದ್ರೂ ಇದೆಯಾ ನಿಮ್ಮ ಹತ್ರ? ಒಂದು ಚೀಟಿ, ಒಂದು ಪತ್ರ?”

“ಅಪ್ಪನಿಗೆ ಓದು ಬರಹ ಬರ್ತಿರ್ಲಿಲ್ಲ.”

“ಸತ್ತವರ ಮೇಲೆ ಆಪಾದನೆ ಅಂದ್ರೆ ಪುರಾವೆ ಕೇಳ್ತಾರೆ ಸಿಗ್ನೋರಾ.”

“ನಮ್ಮಪ್ಪನೂ ಸತ್ತವನೇ. ಅವನ ಮೇಲೆ ಹಾಕೋವಾಗ ಯಾರು ಕೇಳಿದ್ರು?”

ದೊತ್ತೊರೆಸ್ಸಾ ಮೇಜಿನ ಕಡೆ ನೋಡುತ್ತ ಹೇಳಿದಳು. “ಅದಕ್ಕೆ ಪುರಾವೆ ಇದೆ. ಪೊಲೀಸರ ವರದಿ ಇದೆ. ಪ್ರೊಫೆಸರರ ಉತ್ಖನನದ ದಿನಚರಿ ಇದೆ. ಮತ್ತೆ… ನಿಮ್ಮ ದನಿ ಇದೆ.”

ಸಮಿತಿಯ ಉತ್ತರ ಬರಲು ಏಳು ವಾರ ಬೇಕಾಯಿತು. ಡೆಲ್ಫೀನಾ ಕನ್ನಡಕ ಏರಿಸಿ ಓದಿ ಹೇಳಿದಳು. ಸಿಗ್ನೋರಾ ಅವರ ಭಾವನೆಗಳನ್ನು ಸಮಿತಿ ಗೌರವಿಸುತ್ತದೆ. ಆಧಾರವಿಲ್ಲದ ಕೌಟುಂಬಿಕ ನೆನಪನ್ನು ಸೇರಿಸಲಾಗದು. ಆದರೆ ತಮ್ಮ ದನಿಯನ್ನು ಹಿಂತೆಗೆದುಕೊಳ್ಳುವ ಹಕ್ಕು ಕಾನೂನಿನಂತೆ ಅವರಿಗಿದೆ. ಜೊತೆಗಿರುವ ಕಾಗದಕ್ಕೆ ಸಹಿ ಹಾಕಿದರೆ ಸಾಕು.

“ತೆಗೆಸ್ಬಿಡ್ತೀನಿ. ನನ್ನ ಬಾಯಿಂದಂತೂ ಅಪ್ಪ ಕಳ್ಳ ಆಗೋದು ಬೇಡ,” ಎಂದಳು ಎರ್ಸಿಲಿಯಾ.

“ತೆಗೆಸಿದ್ರೆ ಅವರು ಬಾಯಿ ಮುಚ್ಕೊಂಡಿರ್ತಾರೆ ಅಂದ್ಕೊಂಡ್ಯಾ?”

“ನಾನು ಮುಚ್ಕೊಂಡಿರ್ತೀನಿ.”

“ಇರು, ಆತುರ ಬೇಡ. ರೋಮಲ್ಲಿ ಯಾರಾದ್ರೂ ವಕೀಲರನ್ನ ಕೇಳೋಣ.”

“ಕೇಳಿ? ಅವರೂ ಕಾಗದ ತೋರಿಸು ಅಂತಾರೆ. ಪೆನ್ನು ಕೊಡು ಅತ್ತಿಗೆ.”

ಸಹಿ ಹಾಕಿದಳು. ಬೇಸಿಗೆಯೆಲ್ಲ ಅವಳು ಕಲ್ಲಿನ ದಾರಿ ಬಿಟ್ಟು ಮೇಲಿನ ರಸ್ತೆಯಲ್ಲಿ ಸುತ್ತಿಕೊಂಡು ಪೇಟೆಗೆ ಹೋದಳು. ಊರಿನವರು ಅವಳೊಡನೆ ಮೊದಲಿಗಿಂತ ಮೃದುವಾಗಿ ಮಾತಾಡುತ್ತಿದ್ದರು. ಓರ್ನೆಲ್ಲಾ ಮಾಂಸ ತೂಗುವಾಗ ಒಂದು ತುಂಡು ಹೆಚ್ಚಿಗೆ ಹಾಕುತ್ತಿದ್ದಳು. ಎರ್ಸಿಲಿಯಾ ಒಂದೆರಡು ಸಲ ನಿಂತು, ಪ್ರೊಫೆಸರನ ಹೆಸರು ಹಿಡಿದು, ನಡೆದದ್ದು ಹೀಗೆ ಎಂದು ಹೇಳಿ ನೋಡಿದಳು. ಓರ್ನೆಲ್ಲಾ ತಲೆಯಾಡಿಸಿ ಕೇಳಿ, “ಹೂಂನಮ್ಮ, ಮಕ್ಕಳಿಗೆ ಹಾಗೇ ಅನ್ಸೋದು. ಅನ್ನಿಸ್ಲೇಬೇಕು,” ಎಂದಳು. ಆಮೇಲೆ ಎರ್ಸಿಲಿಯಾ ಯಾರಿಗೂ ಹೇಳಲಿಲ್ಲ. ಮಾಂಸವನ್ನು ಪಕ್ಕದ ಊರಿನಿಂದ ತರತೊಡಗಿದಳು.

ಸೆಪ್ಟೆಂಬರಿನ ಮೊದಲ ಭಾನುವಾರ ಅವಳೇ ಡೆಲ್ಫೀನಾಳ ಬಾಗಿಲು ತಟ್ಟಿದಳು. “ಬಾ, ತೆಗೆದಿದಾರೋ ಇಲ್ವೋ ನೋಡ್ಕೊಂಡು ಬರೋಣ.”

ಬಾಗಿಲಲ್ಲಿ ಸಾಲಿರಲಿಲ್ಲ. ಊರಿನವರ ಕುತೂಹಲ ಮುಗಿದಿತ್ತು. ಜರ್ಮನಿಯ ಕಡೆಯವರೋ ಏನೋ, ಬಿಸಿಲಿಗೆ ಕೆಂಪಾದ ಹತ್ತಿಪ್ಪತ್ತು ಜನ ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದರು. ಈ ಸಲ ಇಬ್ಬರೂ ನೇರ ಹದಿನಾಲ್ಕಕ್ಕೇ ಹೋದರು. ಡೆಲ್ಫೀನಾ ಹೆಡ್‌ಫೋನ್ ತೆಗೆದುಕೊಂಡಿರಲಿಲ್ಲ, ಒಂದು ಸಲ ಕೇಳಿದ್ದೇ ಸಾಕು ಎಂದಿದ್ದಳು. ತೊಟ್ಟಿಯ ಅಂಚಿನ ಮೇಲೆ ಕೂತು ಬೂಟಿನ ಕಲ್ಲು ಕೊಡವಿಕೊಳ್ಳುತ್ತಿದ್ದಳು.

ಎರ್ಸಿಲಿಯಾ ಒತ್ತಿದಳು. ಅದೇ ಗಂಡಸು, ಅದೇ ಮನೆ, ಅದೇ ಪ್ರೊಫೆಸರ್. ಕೇಳಿ, ಎಂದ. ಆಮೇಲೆ ಒಂದು ಹೆಣ್ಣುದನಿ ಬಂತು. ಅವಳದಲ್ಲ. ನಾಟಕದಲ್ಲಿ ಪಳಗಿದ ದನಿ. ವಯಸ್ಸಾದವಳ ಹಾಗೆ ಒಂದಿಷ್ಟು ನಡುಗಿಸಿ, ಈ ಕಡೆಯ ರಾಗವನ್ನೂ ಅಷ್ಟಿಷ್ಟು ಎಳೆದು ಆಡುತ್ತಿತ್ತು.

“ಅಪ್ಪ ಅದನ್ನ ಕೋಟಿನೊಳಗೆ ಸುತ್ಕೊಂಡು ಮನೆಗೆ ತಂದ. ಯಾರಿಗೂ ಹೇಳ್ಬೇಡಿ ಅಂದ.”

ಹಿಂತೆಗೆದುಕೊಳ್ಳುವ ಹಕ್ಕು ದನಿಗಿತ್ತು. ಮಾತಿಗಿರಲಿಲ್ಲ. ಒಂದು ಪದವೂ ಬದಲಾಗಿರಲಿಲ್ಲ. ಹಿಟ್ಟಿನ ಪೆಟ್ಟಿಗೆಯನ್ನು ಆ ಹೆಂಗಸು ಎಷ್ಟು ಮೆಲ್ಲಗೆ ತೆರೆದಳೆಂದರೆ ಎರ್ಸಿಲಿಯಾಳಿಗೆ ಮುಚ್ಚಳ ಕಿರುಗುಟ್ಟಿದ್ದೂ ಕೇಳಿದ ಹಾಗಾಯಿತು. ಹನ್ನೊಂದು ದಿವಸ ಎನ್ನುವಾಗ ಆ ಹೆಂಗಸು ಉಸಿರು ಹಿಡಿದಳು. ಮೂಗಿನ ಮೇಲೆ ಹಿಟ್ಟು ಎನ್ನುವಾಗ ಅತ್ತೇಬಿಟ್ಟಳು, ಅದೂ ಅತ್ತಂತೆ ಕಾಣಬಾರದೆಂದು ನುಂಗಿಕೊಂಡು ಅತ್ತಳು. ಎರ್ಸಿಲಿಯಾ ಎಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕೇಳುತ್ತ ಅವಳು ಅಪ್ಪನನ್ನು ಕಂಡಳು. ಸಂಜೆ ಬಾಗಿಲು ತಳ್ಳಿ ಒಳಗೆ ಬರುತ್ತಾನೆ, ಕೋಟು ಉಬ್ಬಿದೆ, ಒಂದು ಸಲ ಬೀದಿಯ ಕಡೆ ತಿರುಗಿ ನೋಡುತ್ತಾನೆ. ಆ ನೋಟ ಮೊದಲು ಇತ್ತೆ? ಅವಳಿಗೆ ಆಗ ಆರು ವರ್ಷ. ಪ್ರೊಫೆಸರ್ ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದವಳಲ್ಲ. ಅದನ್ನು ಅವಳಿಗೆ ಹೇಳಿದ್ದು ಅಮ್ಮ, ಅಮ್ಮನಿಗೆ ಹೇಳಿದ್ದು ಅಪ್ಪ, ಪೊಲೀಸರು ಬಂದು ಹೋದ ಮೇಲೆ. ಅರವತ್ತಾರು ವರ್ಷದಲ್ಲಿ ಒಂದು ದಿನವೂ ಅವಳು ಈ ಲೆಕ್ಕ ಹಾಕಿರಲಿಲ್ಲ. ಕಿವಿಯಲ್ಲಿ ಆ ಹೆಂಗಸು ಮೂಗೇರಿಸಿ ಸುಮ್ಮನಾದಳು, ಪ್ರೊಫೆಸರ್ ಮತ್ತೆ ಬಡವನನ್ನು ಕ್ಷಮಿಸಿದ.

ಎರ್ಸಿಲಿಯಾ ಹೆಡ್‌ಫೋನ್ ತೆಗೆದಳು. ಬೆವರಿಗೆ ಕಿವಿ ಒದ್ದೆಯಾಗಿತ್ತು.

“ತೆಗೆದಿದಾರಾ?” ಎಂದಳು ಡೆಲ್ಫೀನಾ.

“ತೆಗೆದಿದಾರೆ. ಬೇರೆ ಯಾರನ್ನೋ ಹಾಕಿದಾರೆ.”

“ಏನಂತೆ ಅವಳದು?”

ಎರ್ಸಿಲಿಯಾ ಪೆಟ್ಟಿಗೆಯ ದಾರವನ್ನು ಕೊರಳಿಂದ ಬಿಡಿಸಿ ಕೈಗೆ ಸುತ್ತಿಕೊಂಡಳು.

“ಚೆನ್ನಾಗಿ ಹೇಳ್ತಾಳೆ ಅತ್ತಿಗೆ. ನಾನೇ ನಂಬಿಬಿಟ್ಟೆ.”